ಉಲ್ಲನ್ ಕಡ್ಡಿ ಹಿಡಿದವರು ಕಲಾವಿದರಲ್ಲವೆ?

ಈಚೆಗೆ ನಮ್ಮ ನಗರದಲ್ಲಿ ನಡೆದ ಒಂದು ಕಲಾಪ್ರದರ್ಶನಕ್ಕೆ ನಾನೊಂದು ಕೃತಿಯನ್ನು ಕಳುಹಿಸಿದ್ದೆ. ಅದು 2 ಅಡಿ ಅಗಲ, ಎಂಟೂವರೆ ಅಡಿ ಉದ್ದದ ಉಲ್ಲನ್ ಹೆಣಿಗೆ. ಅದರ ವಿಷಯ ನನ್ನ ಮೊಬೈಲ್ ಫೋನು. ದಿನದ 24 ಗಂಟೆಗಳಿಗೆ ಗಂಟೆಗೆ ಐದರಂತೆ 120 ಕುಣಿಕೆ. ದಿನವೊಂದಕ್ಕೆ ಎರಡು ಸಾಲು. ಫೋನು ನನ್ನ ಕೈಯಲ್ಲಿದ್ದ ಹೊತ್ತಿಗೆ ಕೆಂಪು ದಾರ, ಇಲ್ಲದ ಹೊತ್ತಿಗೆ ಬಿಳಿ. ಹೀಗೆ ಜನವರಿ 1ರಿಂದ ಡಿಸೆಂಬರ್ 31ರವರೆಗೆ 730 ಸಾಲು, 87,600 ಕುಣಿಕೆ. ಲೆಕ್ಕವನ್ನು ಫೋನೇ ಇಟ್ಟಿತ್ತು. ನಾನು ಹೆಣೆದೆ, ಅಷ್ಟೆ. ನಮ್ಮ ಅತ್ತೆಯವರು ಆಸ್ಪತ್ರೆಯಲ್ಲಿದ್ದ ಒಂಬತ್ತು ರಾತ್ರಿಗಳಲ್ಲಿ ಕೆಂಪು ಬೆಳಗಿನ ಜಾವದವರೆಗೂ ಹರಿದಿದೆ. ಆ ಹದಿನೆಂಟು ಸಾಲುಗಳನ್ನು ಯಾರಿಗೂ ವಿವರಿಸಿ ಹೇಳಬೇಕಾಗಲಿಲ್ಲ. ನೋಡಿದವರು ತಾವೇ ಅಲ್ಲಿ ಬೆರಳಿಟ್ಟು, 'ಇಲ್ಲೇನಾಯಿತು?' ಎಂದು ಕೇಳುತ್ತಿದ್ದರು.

ನೋಡಿದವರು ಎಂದೆನಲ್ಲ, ಎಲ್ಲಿ ನೋಡಿದರು ಎಂಬುದೇ ಈ ಲೇಖನಕ್ಕೆ ಕಾರಣ. ಉದ್ಘಾಟನೆಯ ದಿನ ಹೋಗಿ ಹುಡುಕುತ್ತೇನೆ, ಚಿತ್ರಶಾಲೆಯಲ್ಲಿ ನನ್ನ ಕೃತಿ ಇಲ್ಲ. ಹೊರಗೆ ಕಾಫಿ ಕೊಡುವ ಮೇಜಿನ ಪಕ್ಕದಲ್ಲಿ, ಮಕ್ಕಳ ಕುಲಾವಿ, ಬಾಗಿಲ ತೋರಣ, ಪೆನ್ನಿಡುವ ಬುಟ್ಟಿಗಳ ನಡುವೆ ಅದನ್ನು ತೂಗುಹಾಕಿದ್ದರು. 'ಕರಕುಶಲ ವಿಭಾಗ' ಎಂಬ ಫಲಕ. ಆಯ್ಕೆ ಸಮಿತಿಯ ಹಿರಿಯರೊಬ್ಬರನ್ನು ಕೇಳಿದೆ. ಅವರು ಸೌಜನ್ಯದಿಂದಲೇ, "ಕೆಲಸ ಬಹಳ ಸೊಗಸಾಗಿದೆಯಮ್ಮ. ನಮ್ಮ ಮನೆಯವರೂ ಉಲ್ಲನ್ ಹಾಕುತ್ತಾರೆ. ಒಳ್ಳೆಯ ಹವ್ಯಾಸ" ಎಂದರು.

ಒಳಗೆ, 'ನವ ಮಾಧ್ಯಮ' ಎಂಬ ಕೋಣೆಯಲ್ಲಿ, ಒಬ್ಬ ತರುಣ ತನ್ನ ಫೋನಿನ ಲೆಕ್ಕವನ್ನೇ ಕಂಪ್ಯೂಟರಿಗೆ ಉಣಿಸಿ, ಬಂದ ಬಣ್ಣದ ಗೆರೆಗಳನ್ನು ಕ್ಯಾನ್ವಾಸಿನ ಮೇಲೆ ಮುದ್ರಿಸಿ ತೂಗಿಸಿದ್ದ. ಆ ಹುಡುಗನ ಮೇಲೆ ನನಗೆ ಮುನಿಸಿಲ್ಲ. ಅವನ ಕೆಲಸ ಚೆನ್ನಾಗಿಯೇ ಇತ್ತು. ನನ್ನ ಕೃತಿಯ ಮುಂದೆ ನನಗಿಂತ ಹೆಚ್ಚು ಹೊತ್ತು ನಿಂತವನೂ ಅವನೇ. ಆದರೆ ಒಂದೇ ಲೆಕ್ಕ ಯಂತ್ರದಿಂದ ಹೊರಬಂದರೆ ಕಲೆ, ಹೆಂಗಸಿನ ಎರಡು ಕಡ್ಡಿಗಳಿಂದ ಬಂದರೆ ಹವ್ಯಾಸ ಎನ್ನುವುದು ಯಾವ ನ್ಯಾಯ?

ಮಹನೀಯರ ವಾದವನ್ನು ಅಲ್ಲಗಳೆಯುವ ಮೊದಲು ಅದನ್ನು ಸರಿಯಾಗಿ ಇಡಬೇಕು. ಅವರು ಹೇಳುವುದಿಷ್ಟು: ಹೆಣಿಗೆಯಲ್ಲಿ ಹೊಸತೇನೂ ಇಲ್ಲ, ಯಾರೋ ಬರೆದಿಟ್ಟ ನಮೂನೆಯನ್ನು ನೋಡಿ ಮಾಡುವುದು, ಹಾಲು ಕಾಯುವಾಗ, ಬಸ್ಸಿನಲ್ಲಿ, ಹರಟೆಯ ನಡುವೆ ಮಾಡುವ ಕೆಲಸಕ್ಕೆ ಏಕಾಗ್ರತೆಯೆಲ್ಲಿ, ಕೊನೆಗೆ ಅದು ಮೈಗೆ ಹಾಕಿಕೊಳ್ಳುವ ವಸ್ತು, ಕಣ್ಣಿಗೆ ಹಾಕಿಕೊಳ್ಳುವಂಥದಲ್ಲ.

ನಮೂನೆಯ ಮಾತು ನಮ್ಮ ನಾಡಿನಲ್ಲಿ ಆಡತಕ್ಕದ್ದೇ ಅಲ್ಲ. ತ್ಯಾಗರಾಜರ ಕೃತಿಯನ್ನು ಹಾಡಿದ ವಿದ್ವಾಂಸರಿಗೆ, 'ಸ್ವಾಮಿ, ಇದು ಇನ್ನೊಬ್ಬರ ನಮೂನೆ, ತಾವು ಕಲಾವಿದರಲ್ಲ' ಎಂದು ಹೇಳಿದವರನ್ನು ನಾನು ಕಂಡಿಲ್ಲ. ಹಾಲು ಕಾಯುವಾಗ ನಾಲ್ಕು ಸಾಲು ಹೆಣೆಯುತ್ತೇನೆ, ನಿಜ. ಮನೆಗೆಲಸದ ಸಂದಿಯಲ್ಲಿ ಸಿಕ್ಕ ಹೊತ್ತಿನಲ್ಲಿ ಮಾಡುವುದರಿಂದ ಕೆಲಸ ಕೀಳಾಗುವುದಾದರೆ, ಈ ದೇಶದಲ್ಲಿ ಹೆಂಗಸರು ಮಾಡಿದ ಯಾವುದೂ ಮೇಲಾಗಲಾರದು. ಪ್ರಾಯಶಃ ವಾದದ ಒಳಗುಟ್ಟೂ ಅದೇ.

ಇನ್ನು ತಂತ್ರಜ್ಞಾನದ ಮಾತು. ನವ ಮಾಧ್ಯಮದ ಕೋಣೆಯಿಂದ ದಾರವನ್ನು ಹೊರಗೆ ಹಾಕಿದವರಿಗೆ ಆ ಕೋಣೆಯ ಅಡಿಪಾಯ ಯಾವುದರದು ಎಂಬುದು ತಿಳಿದಂತಿಲ್ಲ. ಫ್ರಾನ್ಸಿನ ಲಿಯೋನ್ ನಗರದಲ್ಲಿ ರೇಷ್ಮೆ ನೇಯುತ್ತಿದ್ದವರು ಹೂಬಳ್ಳಿ ತೆಗೆಯಲು ಎಳೆ ಎಳೆಯನ್ನೂ ಕೈಯಿಂದ ಎತ್ತಬೇಕಾಗಿತ್ತು. 1725ರಲ್ಲಿಯೇ ಬಾಸಿಲ್ ಬುಷೋನ್ ಎಂಬಾತ ತೂತು ಕೊರೆದ ಕಾಗದದಿಂದ ಎಳೆಗಳನ್ನು ಆರಿಸುವ ಉಪಾಯ ಹೂಡಿದ. ಅದನ್ನು ಪಳಗಿಸಿ, 1804ರ ಸುಮಾರಿಗೆ ರಟ್ಟಿನ ಚೀಟಿಗಳ ಸರಮಾಲೆಯಿಂದ ನಡೆಯುವ ಮಗ್ಗವನ್ನು ಜೋಸೆಫ್ ಜಕಾರ್ಡ್ ನಿಲ್ಲಿಸಿದ. ತೂತು ಇದ್ದರೆ ಎಳೆ ಮೇಲೆ, ಇಲ್ಲದಿದ್ದರೆ ಕೆಳಗೆ. ಇದೆ, ಇಲ್ಲ, ಒಂದು, ಸೊನ್ನೆ. ಜಕಾರ್ಡನದೇ ಒಂದು ಭಾವಚಿತ್ರವನ್ನು ಇಂಥ ಸುಮಾರು 24,000 ಚೀಟಿಗಳಿಂದ ರೇಷ್ಮೆಯಲ್ಲಿ ನೇಯ್ದಿದ್ದರು. ಲಂಡನ್ನಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಅದರ ಒಂದು ಪ್ರತಿಯನ್ನು ಸಂಪಾದಿಸಿ ಮನೆಗೆ ಬಂದ ಅತಿಥಿಗಳಿಗೆ ತೋರಿಸುತ್ತಿದ್ದ. ತಾನು ಕಟ್ಟಬೇಕೆಂದಿದ್ದ ಗಣಕಯಂತ್ರಕ್ಕೆ ಅದೇ ಚೀಟಿಗಳನ್ನು ಅವನು ಎರವಲು ಪಡೆದ. ಆ ಯಂತ್ರವನ್ನು ಲೋಕಕ್ಕೆ ವಿವರಿಸುತ್ತ ಏಡಾ ಲವ್‌ಲೇಸ್ 1843ರಲ್ಲಿ ಹೋಲಿಕೆಗೆ ತೆಗೆದುಕೊಂಡದ್ದೂ ಮಗ್ಗವನ್ನೇ. 1890ರಲ್ಲಿ ಅಮೆರಿಕದ ಜನಗಣತಿಯನ್ನು ಹೊಲರಿತನ ಯಂತ್ರಗಳು ಎಣಿಸಿದ್ದು ತೂತು ಹೊಡೆದ ಚೀಟಿಗಳಿಂದಲೇ.

ಅಷ್ಟೇಕೆ, ನಮ್ಮ ಮಾತೇ ಸಾಕ್ಷಿ ಹೇಳುತ್ತದೆ. ಸಂಸ್ಕೃತದಲ್ಲಿ 'ತಂತ್ರ' ಎಂದರೆ ಮಗ್ಗ, ಮಗ್ಗದ ಹಾಸು. ಅದರ ಮೇಲೆ ನಾವು 'ಜ್ಞಾನ'ವನ್ನು ಕೂರಿಸಿ 'ತಂತ್ರಜ್ಞಾನ' ಎಂದೆವು. ಕೆಳಗಿರುವ ಮಗ್ಗವನ್ನು ಮರೆತೆವು.

ಇಲ್ಲೊಂದು ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದ ವರ್ತಮಾನವನ್ನು ರೇಡಿಯೋದಲ್ಲಿ ಕೇಳಿದ ಹಿರಿಯರು ಈಗಲೂ ನಮ್ಮ ನಡುವೆ ಇದ್ದಾರೆ. ಆ ನೌಕೆಗೆ ದಾರಿ ಹೇಳಿದ ಗಣಕಯಂತ್ರದ ಸ್ಥಿರ ಸ್ಮರಣೆ 36,864 ಪದಗಳಷ್ಟು. ಅದನ್ನು ಬರೆದಿಟ್ಟದ್ದು ತಾಮ್ರದ ತಂತಿಯಲ್ಲಿ, ನೇಯ್ದು. ಮಾಸಚುಸೆಟ್ಸಿನ ವಾಲ್ಥಾಮಿನಲ್ಲಿ ರೇಥಿಯಾನ್ ಕಂಪೆನಿಯ ಕಾರ್ಖಾನೆಯಲ್ಲಿ ಹೆಂಗಸರು ಕುಳಿತು, ದಬ್ಬಣದಂಥ ಸೂಜಿಯಿಂದ, ಪುಟ್ಟ ಪುಟ್ಟ ಕಾಂತದ ಬಳೆಗಳ ನಡುವೆ ತಂತಿಯನ್ನು ತೂರಿಸುತ್ತಿದ್ದರು. ಬಳೆಯ ಒಳಗೆ ಹೋದರೆ ಒಂದು, ಹೊರಗೆ ಬಳಸಿ ಹೋದರೆ ಸೊನ್ನೆ. ಒಮ್ಮೆ ನೇಯ್ದದ್ದನ್ನು ತಿದ್ದುವುದು ಮಹಾ ಕಷ್ಟ. ಆ ಕೆಲಸಕ್ಕೆ ಎಂಜಿನಿಯರುಗಳು ಇಟ್ಟ ಅಡ್ಡಹೆಸರು 'ಮುದುಕಮ್ಮಂದಿರ ಸ್ಮರಣೆ'. ಚಂದ್ರಲೋಕಕ್ಕೆ ಹೋಗಿ ಬಂದವರು ಆ ಮುದುಕಮ್ಮಂದಿರ ಬೆರಳನ್ನು ನಂಬಿ ಹೋದರು. ಹೆಸರಿಟ್ಟವರ ನಗು ಮಾತ್ರ ಇಂದಿಗೂ ನಿಂತಿಲ್ಲ. ನಮ್ಮ ಕಲಾಪ್ರದರ್ಶನದಲ್ಲಿ ನನಗೆ ಕೇಳಿಸಿದ್ದು ಅದರದೇ ಪ್ರತಿಧ್ವನಿ.

ಯಾವ ಗಂಡಸೂ ಉಲ್ಲನ್ ಕಡ್ಡಿಯಿಂದ ಜ್ಞಾನ ಹುಟ್ಟೀತೆಂದು ಎಣಿಸಲಿಲ್ಲವೆಂದು ತೋರುತ್ತದೆ. ಗಣಿತದಲ್ಲಿ ಹೈಪರ್‌ಬೋಲಿಕ್ ತಲ ಎಂಬುದೊಂದಿದೆ; ಅಂಚಿಗೆ ಹೋದಷ್ಟೂ ಬೆಳೆಯುತ್ತ ಹೋಗುವ, ಕೋಸಿನ ಎಲೆಯಂತೆ ನೆರಿಗೆಗಟ್ಟುವ ಮೇಲ್ಮೈ. ಪಂಡಿತರು ಅದನ್ನು ಕಾಗದ ಅಂಟಿಸಿ ಮಾಡಿ ತೋರಿಸುತ್ತಿದ್ದರು, ಅದು ಹರಿಯುತ್ತಿತ್ತು. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿದ್ದ ಲಾತ್ವಿಯದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಕ್ರೋಶಾ ಕಡ್ಡಿ ಹಿಡಿದು, ಇಷ್ಟು ಕುಣಿಕೆಗೊಂದು ಹೆಚ್ಚಿಸುತ್ತ ಹೋಗಿ, ಕೈಯಲ್ಲಿ ಹಿಡಿಯಬಹುದಾದ, ಮಡಿಸಬಹುದಾದ ಗಣಿತವನ್ನು ಹೆಣೆದು ಕೊಟ್ಟಳು. ಅದೇ ಹೆಣಿಗೆಯಿಂದ ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ತೈಮ್ ಎಂಬ ಅಕ್ಕತಂಗಿಯರು 2005ರಲ್ಲಿ ಉಲ್ಲನ್ನಿನ ಹವಳದ ದಿಬ್ಬವನ್ನು ಬೆಳೆಸತೊಡಗಿದರು. ಸಾವಿರಾರು ಹೆಂಗಸರ ಕೈ ಸೇರಿದ ಆ ಕೆಲಸ 2019ರಲ್ಲಿ ವೆನಿಸ್ಸಿನ ದ್ವೈವಾರ್ಷಿಕ ಕಲಾಮೇಳದಲ್ಲಿ ನಿಂತಿತು. ಕಾಫಿ ಮೇಜಿನ ಪಕ್ಕದಲ್ಲಲ್ಲ.

ಹೀಗೆ ಹೇಳಿದೊಡನೆ ನನ್ನ ಪಕ್ಷದವರು ಚಪ್ಪಾಳೆ ತಟ್ಟುತ್ತಾರೆ. ಅವರೊಡನೆಯೂ ನನಗೆ ಜಗಳವಿದೆ. 'ಹೆಣಿಗೆ ಧ್ಯಾನ ಇದ್ದಂತೆ, ಮನಸ್ಸಿಗೆ ಶಾಂತಿ' ಎನ್ನುವವರು ಈಚೆಗೆ ಹೆಚ್ಚಿದ್ದಾರೆ. ಎರಡು ಬಣ್ಣದ ಕೆಲಸದಲ್ಲಿ ಹಿಂಬದಿಯ ದಾರವನ್ನು ಐದಾರು ಕುಣಿಕೆಗೊಮ್ಮೆ ಸಿಕ್ಕಿಸುತ್ತ ಹೋಗಬೇಕು. ಮೂವತ್ತು ಸಾಲು ಕೆಳಗೆ ಒಂದು ಕಡೆ ತಪ್ಪಿದ್ದು ಕಂಡಾಗ ನನಗೆ ಬರುವುದು ಶಾಂತಿಯಲ್ಲ. 'ಕೈಯಿಂದ ಮಾಡಿದ್ದೇ ಪವಿತ್ರ, ಯಂತ್ರ ಮೈಲಿಗೆ' ಎನ್ನುವ ಮಡಿಯೂ ನನಗೆ ಬೇಡ. ಜರ್ಮನಿಯ ರೋಸ್‌ಮೇರಿ ಟ್ರೊಕೆಲ್ ಎಂಬ ಕಲಾವಿದೆ 1980ರ ದಶಕದಲ್ಲಿ ಹೆಣಿಗೆಯ ಚಿತ್ರಗಳನ್ನು ಮಾಡಿದಾಗ ತಾನು ಕಡ್ಡಿಯನ್ನೇ ಮುಟ್ಟಲಿಲ್ಲ. ಕಂಪ್ಯೂಟರಿನ ನಮೂನೆ ಕೊಟ್ಟು ಯಂತ್ರದಲ್ಲಿ ಹೆಣೆಸಿದಳು. ಅವಳ ಜಗಳವೂ ನನ್ನದೇ.

ಇವೆಲ್ಲಕ್ಕಿಂತ ಅಪಾಯದ ಮಾತು ಇನ್ನೊಂದಿದೆ: ಹೊಗಳಿಕೆ. ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನ ಕಂಬಳಿ ನೇಯುವುದರಲ್ಲಿ ಹೆಸರಾದವರು. ಫೇರ್‌ಚೈಲ್ಡ್ ಕಂಪೆನಿ 1965ರಲ್ಲಿ ಅವರ ನಾಡಿನ ಶಿಪ್‌ರಾಕ್ ಎಂಬಲ್ಲಿ ಎಲೆಕ್ಟ್ರಾನಿಕ್ ಕಾರ್ಖಾನೆ ತೆರೆಯಿತು. ಕೆಲಸಕ್ಕೆ ಬಂದವರಲ್ಲಿ ಹೆಂಗಸರೇ ಹೆಚ್ಚು. ಕಂಪೆನಿಯ ಪ್ರಚಾರ ಪುಸ್ತಿಕೆ ನವಾಹೋ ಕಂಬಳಿಯ ಚಿತ್ರವನ್ನೂ ಚಿಪ್ಪಿನ ಚಿತ್ರವನ್ನೂ ಜೋಡಿಸಿ, ಈ ಹೆಂಗಸರ ಬೆರಳಿಗೆ ಈ ಕೆಲಸ ಹುಟ್ಟಿನಿಂದಲೇ ಒಗ್ಗಿದೆಯೆಂಬ ಅರ್ಥ ಬರುವಂತೆ ಕೊಂಡಾಡಿತು. ಕೊಂಡಾಟ ಬಂತು, ಕಂಬಳಿಯ ಮಾತೂ ಬಂತು. 1975ರಲ್ಲಿ ಕಾರ್ಮಿಕರನ್ನು ತೆಗೆದುಹಾಕಿದ ಗಲಾಟೆಯಾಗಿ ಕಾರ್ಖಾನೆಯೇ ಮುಚ್ಚಿತು. 1994ರಲ್ಲಿ ಇಂಟೆಲ್ ಕಂಪೆನಿ ನವಾಹೋ ನೇಕಾರ್ತಿ ಮೆರಿಲೂ ಶುಲ್ಟ್ಸಳಿಂದ ಪೆಂಟಿಯಮ್ ಚಿಪ್ಪಿನ ಚಿತ್ರವನ್ನು ಕಂಬಳಿಯಾಗಿ ನೇಯಿಸಿತು. ಆ ಕಂಬಳಿಯನ್ನು ನೋಡುವಾಗ ಶಿಪ್‌ರಾಕಿನ ನೆನಪಿಲ್ಲದೆ ನೋಡಬಾರದು. ಬೆರಳನ್ನು ಹೊಗಳುವವರು ಕೂಲಿಯ ಮಾತು ಬಂದಾಗ ಎಲ್ಲಿದ್ದರು ಎಂದು ಕೇಳುವುದು ನಮ್ಮ ಕರ್ತವ್ಯ.

ಇದು ದೂರದ ಕಥೆಯೆಂದು ಓದುಗರು ತಿಳಿಯಬೇಕಾಗಿಲ್ಲ. ನಾವು ಏಳೆಂಟು ಮಂದಿ ಹೆಂಗಸರು, ಜೊತೆಗೊಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ (ಅವರ ಕಾಲುಚೀಲದ ಹಿಮ್ಮಡಿ ನಮ್ಮೆಲ್ಲರದಕ್ಕಿಂತ ಚೆನ್ನ), ಎರಡು ಮೂರು ತಿಂಗಳಿಗೊಮ್ಮೆ ಕಸುಬಿನ ಊರುಗಳಿಗೆ ಹೋಗುವುದುಂಟು. ಮನೆಗಳಲ್ಲಿ ಇದಕ್ಕೆ 'ಪಿಕ್ನಿಕ್ಕು' ಎಂದು ಹೆಸರು. ಇಳಕಲ್ಲಿನಲ್ಲಿ ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಎಳೆಗೆ ಎಳೆ ಸೇರಿಸುವುದನ್ನು ನೋಡುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಧಾರವಾಡದ ಕಡೆ ಕಸೂತಿ ಹಾಕುವವರು ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿ ಹಾಕುತ್ತಾರೆ. ಗಂಟಿಲ್ಲ. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕೇ ಹೊಲಿಗೆಗಳಲ್ಲಿ ತೇರು, ಗೋಪುರ, ಆನೆ, ತುಳಸಿಕಟ್ಟೆ ಎಲ್ಲ ಮೂಡುತ್ತವೆ. ಗವಂತಿಯಲ್ಲಿ ಸೂಜಿ ಒಂದು ಸಲ ಹೋಗಿ, ಬಿಟ್ಟ ಜಾಗವನ್ನು ತುಂಬುತ್ತ ಹಿಂದಿರುಗಬೇಕು. ದಾರಿ ತಪ್ಪದೆ ಮರಳಿ ಬರಲು ಎಲ್ಲ ಲೆಕ್ಕವೂ ಮೊದಲೇ ತಲೆಯಲ್ಲಿರಬೇಕು. ಇಂಥ ಲೆಕ್ಕವನ್ನು ಕಂಪ್ಯೂಟರಿನ ಮುಂದೆ ಕುಳಿತು ಮಾಡುವವರಿಗೆ ನಮ್ಮ ಬೆಂಗಳೂರಿನಲ್ಲಿ ಸಿಗುವ ಸಂಬಳವೆಷ್ಟು, ಕಸೂತಿಯ ಹೆಂಗಸಿಗೆ ಒಂದು ಸೆರಗಿಗೆ ಸಿಗುವುದೆಷ್ಟು ಎಂದು ಕೇಳಿ ನೋಡಿ. ಚಿತ್ರಶಾಲೆಯಲ್ಲಿ ಕ್ಯಾನ್ವಾಸಿನ ಬೆಲೆಚೀಟಿಯ ಮುಂದೆ ಮೌನವಾಗಿ ನಿಲ್ಲುವ ಸಭ್ಯರೇ ಮಗ್ಗದ ಮನೆಯಲ್ಲಿ 'ಇನ್ನೂರು ಬಿಡಿ' ಎಂದು ಚೌಕಾಸಿ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಫಲಕದ ಮೇಲೆ 'ಕಲೆ' ಎಂದಿದೆಯೋ 'ಕರಕುಶಲ' ಎಂದಿದೆಯೋ ಎಂಬುದು ನನ್ನ ಮಾನದ ಪ್ರಶ್ನೆ ಮಾತ್ರವಲ್ಲ. ಅವರ ಅನ್ನದ ಪ್ರಶ್ನೆ.

ಈ ಗೋಡೆ ನಮ್ಮ ಹಿರಿಯರು ಕಟ್ಟಿದ್ದಲ್ಲ. ವಾತ್ಸ್ಯಾಯನ ಎಣಿಸಿದ ಅರವತ್ತನಾಲ್ಕು ಕಲೆಗಳಲ್ಲಿ ಗೀತ, ನೃತ್ಯ, ಆಲೇಖ್ಯಗಳ ಪಂಕ್ತಿಯಲ್ಲೇ ಸೂಜಿಯ ಕೆಲಸವೂ ನೇಯ್ಗೆಯೂ ಕುಳಿತಿವೆ. ಕನ್ನಡದ ಮೊದಲ ವಚನಕಾರರಲ್ಲಿ ಒಬ್ಬನಾದ ಜೇಡರ ದಾಸಿಮಯ್ಯ ನೇಕಾರ. ಗೋಡೆ ಎದ್ದದ್ದು ಕಚೇರಿಗಳಲ್ಲಿ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿ ಆಯಿತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಅದರ ಅಧ್ಯಕ್ಷೆಯಾಗಿ ನೇಕಾರರಿಗೂ ಕುಂಬಾರರಿಗೂ ಮಾಡಿದ ಉಪಕಾರವನ್ನು ಮರೆಯುವಂತಿಲ್ಲ. 1954ರಲ್ಲಿ ಲಲಿತಕಲೆಗೆ ಬೇರೊಂದು ಅಕಾಡೆಮಿ ಆಯಿತು. ಎರಡು ಬಾಗಿಲು, ಎರಡು ಅರ್ಜಿ, ಎರಡು ದರ. ಕರಕುಶಲ ಮಂಡಲಿಯನ್ನು ಸರ್ಕಾರ 2020ರಲ್ಲಿ ರದ್ದುಮಾಡಿತು. ಗೋಡೆಯನ್ನು ಮಾತ್ರ ಯಾರೂ ರದ್ದು ಮಾಡಲಿಲ್ಲ. ಪಶ್ಚಿಮದಲ್ಲಿಯೂ ಕಥೆ ಬೇರೆಯಲ್ಲ. ಹೊಸ ಕಲೆಯ ತವರೆನಿಸಿದ ಜರ್ಮನಿಯ ಬೌಹೌಸ್ ಶಾಲೆಗೆ 1922ರಲ್ಲಿ ಸೇರಿದ ಆನಿ ಆಲ್ಬರ್ಸಳನ್ನು, ಹೆಂಗಸೆಂಬ ಕಾರಣಕ್ಕೆ, ನೇಯ್ಗೆಯ ಕೊಠಡಿಗೆ ಕಳುಹಿಸಿದರು. ಅಲ್ಲಿಂದಲೇ ಅವಳು 1949ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದ ಗೋಡೆಯನ್ನೇರಿದಳು. ಅಲ್ಲಿ ಒಬ್ಬಂಟಿ ಪ್ರದರ್ಶನ ಪಡೆದ ಮೊದಲ ನೇಯ್ಗೆಯ ಕಲಾವಿದೆ ಅವಳೇ.

ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ನಮ್ಮ ಅತ್ತೆಯವರು, "ಆ ಮಹಾರಾಯರ ಕೈಗೆ ಎರಡು ಕಡ್ಡಿ ಕೊಟ್ಟು, ಒಂದು ಹಿಮ್ಮಡಿ ತಿರುಗಿಸಿ ತೋರಿಸಿ ಅನ್ನಬೇಕಾಗಿತ್ತು ಕಣೆ" ಎಂದರು. ಅಂಥ ಧೈರ್ಯ ನನಗಿಲ್ಲ. ನಾನು ಮಾಡಿದ್ದು ಇಷ್ಟೆ. ಬರುವ ವರ್ಷದ ಪ್ರದರ್ಶನಕ್ಕೆ ಅರ್ಜಿಯ ನಮೂನೆ ತರಿಸಿದ್ದೇನೆ. ಅದೇ ಕೃತಿ, ಅದೇ ಅಳತೆ. 'ವಿಭಾಗ' ಎಂಬ ಕಡೆ 'ನವ ಮಾಧ್ಯಮ' ಎಂದು ಬರೆದಿದ್ದೇನೆ. 'ಮಾಧ್ಯಮ' ಎಂಬ ಕಡೆ 'ಉಲ್ಲನ್, ಎರಡು ಕಡ್ಡಿ, ಒಂದು ಫೋನು' ಎಂದು ಬರೆದು, ಶುಲ್ಕವನ್ನೂ ಕಟ್ಟಿದ್ದೇನೆ. ಪುನಃ ಕಾಫಿ ಮೇಜಿನ ಪಕ್ಕಕ್ಕೆ ಹಾಕಿದರೆ ನಾನೇ ಬಿಚ್ಚಿಕೊಂಡು ಒಳಗೆ ಹೋಗಿ, ಆ ತರುಣನ ಗೆರೆಗಳ ಪಕ್ಕದಲ್ಲಿ ತೂಗುಹಾಕುತ್ತೇನೆ. ಮೊಳೆ ಹೊಡೆದುಕೊಡುವುದಾಗಿ ಅವನು ಒಪ್ಪಿದ್ದಾನೆ.