ಲಾರಿಯ ಮೇಲೊಂದು ಮನೆ

ಚಳಿಗಾಲದ ತಿಂಗಳುಗಳಲ್ಲಿ ಗೋಕರ್ಣದ ಕಡಲತೀರಕ್ಕೋ ಹಂಪೆಯ ಬಯಲಿಗೋ ಹೋಗಿ ಬಂದ ನಮ್ಮ ವಾಚಕರಲ್ಲಿ ಕೆಲವರು ಅಲ್ಲಿ ಒಂದು ವಿಚಿತ್ರ ವಾಹನವನ್ನು ಕಂಡಿರಬಹುದು. ಮುಂದಿನಿಂದ ನೋಡಿದರೆ ಅದೊಂದು ಹಳೆಯ ಭಾರೀ ಲಾರಿ. ಹಿಂದಿನಿಂದ ನೋಡಿದರೆ ಬಾಗಿಲು, ಕಿಟಕಿ, ಏಣಿ, ಮಾಡಿನ ಮೇಲೆ ಸೌರಫಲಕ, ಎಲ್ಲವೂ ಇರುವ ಮನೆ. ನೋಂದಣಿಯ ಫಲಕ ಜರ್ಮನಿಯದು. ೨೦೨೫ನೆಯ ಇಸವಿಯಲ್ಲಿ ಅಟ್ಟಾರಿಯ ಗಡಿಯು ಪ್ರಯಾಣಿಕರಿಗೆ ಮುಚ್ಚುವ ತನಕ ಇಂಥವರು ತಾವೇ ಕಟ್ಟಿದ ಮನೆಯನ್ನು ತಾವೇ ನಡೆಸಿಕೊಂಡು ತುರ್ಕಿ, ಇರಾನ್, ಪಾಕಿಸ್ತಾನಗಳ ಮಾರ್ಗವಾಗಿ ನಮ್ಮ ದೇಶಕ್ಕೆ ಬರುತ್ತಿದ್ದರು. ಅದರ ಸುತ್ತ ಒಂದು ಸಲ ತಿರುಗಿ ನೋಡಿದ ನಮ್ಮೂರ ಮೆಕ್ಯಾನಿಕನು 'ಇದನ್ನು ನಾವೂ ಮಾಡಬಲ್ಲೆವು' ಎನ್ನುವನು. ಮಾತು ನಿಜ. ಆದರೆ ಮಾಡಿ ರಸ್ತೆಗಿಳಿಸಿದ ದಿನವೇ ಆ ವಾಹನದ ಒಡೆಯನು ಕಾಯಿದೆಯ ಕಣ್ಣಿಗೆ ಅಪರಾಧಿಯಾಗುವನು. ಈ ವಿಪರೀತದ ವಿಷಯವಾಗಿ ನಾವು ಕೆಲವು ಮಾತುಗಳನ್ನು ಹೇಳಬೇಕಾಗಿದೆ.

ಇದೆಲ್ಲ ಉಳ್ಳವರ ವಿಲಾಸ, ಪರದೇಶದವರ ಹುಚ್ಚು ಎಂದು ತಳ್ಳಿಬಿಡುವವರು ಸವದತ್ತಿಯ ಎಲ್ಲಮ್ಮನ ಗುಡ್ಡದ ಜಾತ್ರೆಯನ್ನು ನೆನೆಯಲಿ. ಕೊಲ್ಲಾರಿ ಬಂಡಿ ಕಟ್ಟಿಕೊಂಡು, ಅದರಲ್ಲಿಯೇ ಹಿಟ್ಟು, ಹೊದಿಕೆ, ಪಾತ್ರೆ, ಹಸುಗೂಸುಗಳನ್ನಿಟ್ಟುಕೊಂಡು ದಿನಗಟ್ಟಲೆ ದಾರಿಯಲ್ಲಿಯೇ ಬಾಳುವೆ ನಡೆಸಿದ ಒಕ್ಕಲು ಮಕ್ಕಳು ನಮ್ಮವರೇ. ಈಗ ಎತ್ತಿನ ಬದಲು ಟ್ರ್ಯಾಕ್ಟರು, ಕಮಾನಿನ ಬದಲು ತಾಡಪತ್ರಿ. ಬೇರೆ ವ್ಯತ್ಯಾಸ ಹೆಚ್ಚೇನಿಲ್ಲ. ಮನೆಯನ್ನು ಗಾಲಿಯ ಮೇಲೆ ಇಡುವ ಆಸೆಯನ್ನು ಯಾರೂ ನಮಗೆ ಕಲಿಸಬೇಕಾಗಿಲ್ಲ.

ಆದರೆ ಜರ್ಮನರಿಂದ ಕಲಿಯತಕ್ಕ ಸಂಗತಿ ಬೇರೊಂದುಂಟು. ಅವರು ಈ ಕೆಲಸಕ್ಕೆ ಆರಿಸುವ ಲಾರಿಗಳು ಸಾಮಾನ್ಯವಾಗಿ ಹಳೆಯವು; ಸೈನ್ಯ, ಗಡಿಕಾವಲು ಪಡೆ, ಅಗ್ನಿಶಾಮಕ ದಳಗಳು ಉಪಯೋಗಿಸಿ ಮಾರಿಬಿಟ್ಟ, ಎಲ್ಲ ಗಾಲಿಗಳಿಗೂ ಯಂತ್ರಬಲ ಮುಟ್ಟುವ ಮರ್ಸಿಡಿಸ್, ಎಂ.ಎ.ಎನ್., ಮಾಗಿರಸ್ ಲಾರಿಗಳು. ಹಳೆಯದೇ ಏಕೆಂದರೆ, ಅವುಗಳ ಡೀಸೆಲ್ ಪಂಪು ಪೂರ್ಣ ಯಾಂತ್ರಿಕವಾದದ್ದು. ವಿದ್ಯುನ್ಮಾನದ ಸೂಕ್ಷ್ಮ ಅದರಲ್ಲಿಲ್ಲ. ಮರುಭೂಮಿಯ ನಡುವೆ ಕೆಟ್ಟು ನಿಂತರೂ ಸ್ಪ್ಯಾನರು ಸುತ್ತಿಗೆಗಳುಳ್ಳ ಯಾವ ಗ್ಯಾರೇಜಿನವನಾದರೂ ಅದನ್ನು ಎಬ್ಬಿಸಿಯಾನು.

ಲಾರಿಯ ಮೇಲೆ ಮನೆಯನ್ನು ಕೂರಿಸುವುದು ಬರಿಯ ಬಡಗಿಯ ಕೆಲಸವಲ್ಲ. ಚಾಸಿಯೆಂಬುದು ಏಣಿಯಂತೆ ಇರುತ್ತದೆ. ಎರಡು ಉದ್ದನೆಯ ಉಕ್ಕಿನ ತೊಲೆಗಳು, ನಡುವೆ ಅಡ್ಡಪಟ್ಟಿಗಳು. ಒಂದು ಗಾಲಿ ಹಳ್ಳಕ್ಕಿಳಿದಾಗ ಆ ಏಣಿ ತಿರುಚಿಕೊಳ್ಳುತ್ತದೆ. ಅದು ದೋಷವಲ್ಲ, ಹಾಗೆ ತಿರುಚಿಕೊಂಡು ನಾಲ್ಕು ಗಾಲಿಗಳನ್ನೂ ನೆಲಕ್ಕೆ ಊರಿಸಲಿಯೆಂದೇ ಅದನ್ನು ಮಾಡಿದ್ದಾರೆ. ಮನೆಯ ಪೆಟ್ಟಿಗೆಯಾದರೋ ತಿರುಚಲಾರದು. ಎರಡನ್ನೂ ಬಿಗಿಯಾಗಿ ಬೋಲ್ಟು ಮಾಡಿದರೆ ಒಂದೋ ಪೆಟ್ಟಿಗೆಯ ಮೂಲೆ ಬಿರಿಯುವುದು, ಇಲ್ಲವೇ ತೊಲೆಯೇ ಸೀಳುವುದು. ಆದಕಾರಣ ನಡುವೆ ಒಂದು ಉಪಚೌಕಟ್ಟನ್ನಿಟ್ಟು ಅದಕ್ಕೆ ಮೂರೇ ಕಡೆಗಳಲ್ಲಿ ಆಧಾರ ಕೊಡುವರು. ಎರಡು ಸ್ಥಿರ, ಮೂರನೆಯದು ತಿರುಗುವ ಗೂಟ. ಮುಕ್ಕಾಲಿ ಮಣೆಯು ಎಂಥ ನೆಲದಲ್ಲಿಯೂ ಅಲುಗದೆ ನಿಲ್ಲುವ ನ್ಯಾಯವೇ ಇದು. ಸ್ಪ್ರಿಂಗುಗಳ ಮೇಲೆ ಕೂರಿಸುವ ಕ್ರಮವೂ ಉಂಟು. ತೂಕದ ಲೆಕ್ಕ ಇನ್ನೊಂದು. ೩೦೦ ಲೀಟರು ನೀರೆಂದರೆ ೩೦೦ ಕಿಲೋಗ್ರಾಂ. ಆ ತೊಟ್ಟಿಯನ್ನು ಒಂದೇ ಮಗ್ಗುಲಿಗೆ ಇಟ್ಟವನ ಲಾರಿ ಹೊರಳುರಸ್ತೆಯಲ್ಲಿ ಅವನಿಗೆ ಬುದ್ಧಿ ಕಲಿಸುತ್ತದೆ. ಹತ್ತು ಟನ್ ಸರಕಿಗೆಂದು ಮಾಡಿದ ಸ್ಪ್ರಿಂಗಿನ ಮೇಲೆ ಮೂರು ಟನ್ನಿನ ಮನೆ ಕೂತರೆ ಕುಲುಕಾಟಕ್ಕೆ ಕಪಾಟಿನ ಕೀಲುಗಳೇ ಕಳಚುವುವು.

ಇಷ್ಟೆಲ್ಲ ಇದ್ದರೂ ಜರ್ಮನಿಯ ಸರ್ಕಾರವು 'ನೀನು ಕಾರಖಾನೆಯವನಲ್ಲ, ಮುಟ್ಟಬೇಡ' ಎಂದು ಪ್ರಜೆಗೆ ಹೇಳಲಿಲ್ಲ. 'ಮಾಡು, ಆಮೇಲೆ ತಂದು ತೋರಿಸು' ಎಂದಿತು. ಟಿ.ಯು.ವಿ. ಮೊದಲಾದ ತಪಾಸಣಾ ಸಂಸ್ಥೆಗಳ ಎಂಜಿನಿಯರನು ಅದೊಂದೇ ವಾಹನವನ್ನು ಪರೀಕ್ಷಿಸುವನು. ತೂಗಿಸಿ, ಚೌಕಟ್ಟಿನ ಜೋಡಣೆಯನ್ನು ನೋಡಿ, ಮಲಗುವ ಸ್ಥಳ, ಮೇಜು ಮತ್ತು ಆಸನ, ಅಡುಗೆಯ ಏರ್ಪಾಡು, ಸಾಮಾನಿನ ಕಪಾಟು ಇವು ಭದ್ರವಾಗಿ ಕೂಡಿಸಲ್ಪಟ್ಟಿವೆಯೇ ಎಂದು ಕಂಡುಕೊಂಡು ವರದಿ ಬರೆಯುವನು; ಸರಿಯಿದ್ದರೆ ಲಾರಿಯು ದಾಖಲೆಯಲ್ಲಿ ವಸತಿವಾಹನವಾಗುವುದು. ಸರಿಯಿಲ್ಲದಿದ್ದರೆ ತಿದ್ದಿಕೊಂಡು ಬರಬೇಕು.

ನಮ್ಮಲ್ಲಿ ಕೌಶಲ್ಯಕ್ಕೆ ಕೊರತೆಯೇ? ಮರ್ಸಿಡಿಸ್ ಲಾರಿಯ ವಿದ್ಯೆಯು ೧೯೫೪ರಲ್ಲಿಯೇ ಟಾಟಾ ಕಾರಖಾನೆಯ ಮೂಲಕ ನಮ್ಮ ದೇಶಕ್ಕೆ ಬಂದಿತು. ಎಂ.ಎ.ಎನ್. ಮಾದರಿಯ ಲಾರಿಯನ್ನು ಜಬಲ್ಪುರದಲ್ಲಿ ೧೯೫೯ರಿಂದ ೧೯೯೬ರ ವರೆಗೆ ನಮ್ಮ ಸೈನ್ಯಕ್ಕಾಗಿ ತಯಾರಿಸಲಾಯಿತು. ಅದೇ ಪ್ರಸಿದ್ಧವಾದ 'ಶಕ್ತಿಮಾನ್'. ಜರ್ಮನ್ ಯಾತ್ರಿಕನು ಅಭಿಮಾನದಿಂದ ಏರಿ ಬರುವ ಲಾರಿಯ ದಾಯಾದಿಗಳು ನಮ್ಮಲ್ಲಿ ಒಂದು ತಲೆಮಾರಿನ ಕಾಲ ಹುಟ್ಟಿ ದುಡಿದಿವೆ. ಮೇಲಾಗಿ ಈ ದೇಶದಲ್ಲಿ ಕಾರಖಾನೆ ಕೊಡುವುದು ಚಾಸಿಯನ್ನು, 'ಬಾಡಿ' ಕಟ್ಟುವುದು ಊರಿನ ಕುಶಲಕರ್ಮಿಗಳು ಎಂಬುದು ಬಹುಕಾಲದ ರೂಢಿ. ನಮ್ಮ ರಾಜ್ಯದ ರಸ್ತೆ ಸಾರಿಗೆ ನಿಗಮವೇ ೨೦೨೦ರಲ್ಲಿ ಹಳೆಯ ಬಸ್ಸೊಂದನ್ನು ಹೆಂಗಸರ ಶೌಚಾಲಯವನ್ನಾಗಿ ಮಾರ್ಪಡಿಸಿ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ನಿಲ್ಲಿಸಿತು. ೨೦೨೧ರಲ್ಲಿ ಮಹಾಮಾರಿಯ ನಡುವೆ ಬಸ್ಸನ್ನು ತೀವ್ರ ನಿಗಾ ಘಟಕವನ್ನಾಗಿ ಮಾಡಿತು. ನಿಗಮ ಮಾಡಿದರೆ ಜಾಣ್ಮೆ, ಪ್ರಜೆ ಮಾಡಿದರೆ ಅಪರಾಧವೇ?

ಕಾಯಿದೆಯ ಸ್ಥಿತಿ ಹೀಗಿದೆ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮು, ೨೦೦೦ದ ತಿದ್ದುಪಡಿಯಾದಂದಿನಿಂದ, ತಯಾರಕನು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. ಸರ್ವೋಚ್ಚ ನ್ಯಾಯಾಲಯವು ೨೦೧೯ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು, ಒಪ್ಪಿಗೆಯಿಲ್ಲದೆ ಮಾರ್ಪಾಡು ಮಾಡಿದವನಿಗೆ ಆರು ತಿಂಗಳವರೆಗಿನ ಸಜೆ, ಇಲ್ಲವೆ ಒಂದೊಂದು ಮಾರ್ಪಾಡಿಗೆ ೫೦೦೦ ರೂಪಾಯಿ ದಂಡ, ಇಲ್ಲವೆ ಎರಡೂ ಎಂದು ವಿಧಿಸಿತು. ಜೊತೆಗೆ ಮಾರ್ಪಾಡುಗಳಿಗೆ ಷರತ್ತುಗಳನ್ನು ಗೊತ್ತುಮಾಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ವಸತಿವಾಹನವೆಂಬುದು ಕಾಯಿದೆಗೆ ತಿಳಿಯದ್ದೇನೂ ಅಲ್ಲ. ಅದಕ್ಕೆ ಎ.ಐ.ಎಸ್. ೧೨೪ ಎಂಬ ಪ್ರಮಾಣವೇ ಉಂಟು. ಆದರೆ ಅದು ಮಾದರಿಯ ಪರೀಕ್ಷೆ. ಒಂದು ಮಾದರಿಯನ್ನು ಪುಣೆಯಂಥ ಕಡೆಯ ಪರೀಕ್ಷಾಸಂಸ್ಥೆಗೆ ಒಪ್ಪಿಸಿ, ಮುಂದೆ ಅದರಂತೆ ಅನೇಕ ವಾಹನಗಳನ್ನು ಮಾರುವ ವ್ಯಾಪಾರಿಗೆ ಹೊಲಿದ ಅಂಗಿ. ಜನ್ಮದಲ್ಲಿ ಒಂದೇ ಲಾರಿಯನ್ನು ಮನೆಮಾಡಿಕೊಳ್ಳುವವನಿಗೆ ಅದು ಹಿಡಿಯುವುದಿಲ್ಲ.

ಪ್ರತಿಪಕ್ಷದವರ ಮಾತನ್ನು ನಾವು ಹಗುರಾಗಿ ಎಣಿಸುವುದಿಲ್ಲ. ೨೦೧೩ರ ಅಕ್ಟೋಬರ್ ೩೦ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಪಾಲೆಂ ಬಳಿ ಹೊತ್ತಿ ಉರಿದು ೪೫ ಜನ ಬೆಂದುಹೋದದ್ದನ್ನು ಕನ್ನಡಿಗರು ಮರೆತಿಲ್ಲ. ೨೦೨೫ರ ಅಕ್ಟೋಬರಿನಲ್ಲಿ ಜೈಸಲ್ಮೇರಿನ ಬಳಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಸುಟ್ಟ ಬಸ್ಸು ಸಾದಾ ಬಸ್ಸಿನಿಂದ ಹವಾನಿಯಂತ್ರಿತ ಬಸ್ಸಾಗಿ ಆಗತಾನೆ ಮಾರ್ಪಟ್ಟದ್ದೆಂದು ವರದಿಯಾಗಿತ್ತು. ಮನೆಲಾರಿಯೊಳಗಾದರೂ ಅಡುಗೆಯ ಅನಿಲವುಂಟು, ದೊಡ್ಡ ಬ್ಯಾಟರಿಗಳುಂಟು, ಮಲಗಿ ನಿದ್ರಿಸುವ ಜನರುಂಟು. ಸಿಲಿಂಡರಿನ ಅನಿಲವು ಗಾಳಿಗಿಂತ ಭಾರವಾದದ್ದು. ಸೋರಿದರೆ ಮೇಲಕ್ಕೇರಿ ಹೋಗದೆ ನೆಲದಲ್ಲಿ ಹಾವಿನಂತೆ ಹೊಂಚಿ ಮಲಗುತ್ತದೆ. ಅದನ್ನಿಡುವ ಗೂಡಿಗೆ ಒಳಗಡೆ ಸಂದು ಇರಕೂಡದು, ತಳದಲ್ಲಿ ಹೊರಗಡೆಗೆ ರಂಧ್ರ ಇರಲೇಬೇಕು. ತಪ್ಪಿಸಿಕೊಳ್ಳಲು ಎರಡನೆಯ ದಾರಿ ಬೇಕು. ಇವುಗಳನ್ನು ನೋಡುವವರು ಬೇಡವೆಂದು ಯಾವ ಬುದ್ಧಿವಂತನೂ ಹೇಳನು.

ನೋಡುವವರು ಬೇಕು ಎಂಬುದೇ ನಮ್ಮ ವಾದ. ನಿಷೇಧವು ಕಟ್ಟುವುದನ್ನು ನಿಲ್ಲಿಸಿಲ್ಲ. ಹಿತ್ತಲಿನಲ್ಲಿ ಕಟ್ಟುವಂತೆ ಮಾಡಿದೆ. ಹಾಗೆ ಕಟ್ಟಿದವನು ತನ್ನ ಕೆಲಸವನ್ನು ತಿಳಿದವರ ಕಣ್ಣಿಗೆ ತೋರಿಸಲು ಅಂಜುವನು. ತನಿಖೆಯ ಠಾಣೆಯಲ್ಲಿ ಕೈಬೆಚ್ಚಗೆ ಮಾಡಿ ದಾಟುವನು. (ಈ ಬೆಚ್ಚಗಿನ ವಿಷಯದಲ್ಲಿ ನಮ್ಮ ದೇಶಕ್ಕೆ ಜರ್ಮನರಿಂದ ಪಾಠವೇ ಬೇಕಾಗಿಲ್ಲ.) ಕಡೆಗೆ ಅನಿಲದ ಗೂಡಿಗೆ ರಂಧ್ರವಿದೆಯೇ ಎಂದು ಯಾರೂ ನೋಡುವುದಿಲ್ಲ.

ಕೇಂದ್ರ ಸರ್ಕಾರಕ್ಕೆ ೨೦೧೯ರಲ್ಲಿ ದೊರೆತ ಅಧಿಕಾರದಿಂದ ಅನಿಲದ ಇಂಧನಕ್ಕೂ ಅಂಗವಿಕಲರ ವಾಹನಗಳಿಗೂ ಮಾಡಿಕೊಟ್ಟ ದಾರಿಯನ್ನೇ ಸ್ವಂತಕ್ಕಾಗಿ ಕಟ್ಟಿದ ಒಂದೊಂದೇ ವಸತಿವಾಹನಕ್ಕೂ ತೆರೆಯಬಹುದು. ಮಾಡುವ ಮೊದಲು ನಕ್ಷೆಯನ್ನೂ ತೂಕದ ಲೆಕ್ಕವನ್ನೂ ಒಪ್ಪಿಸುವುದು, ಚೌಕಟ್ಟು ಕೂತಾಗ ಒಮ್ಮೆ, ಎಲ್ಲ ಮುಗಿದಾಗ ಒಮ್ಮೆ ಎಂಜಿನಿಯರನ ತಪಾಸಣೆ, ಅವನ ರುಜುವಿನ ಮೇಲೆ ನೋಂದಣಿಯ ತಿದ್ದುಪಡಿ, ಇಷ್ಟು ಸಾಕು. ತಪಾಸಣೆಗೆ ಪುಣೆಯ ತನಕ ಓಡಬೇಕಾಗಿಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಯಂತ್ರವಿಭಾಗದವರಿಗೆ ತರಬೇತಿ ಕೊಟ್ಟು ಈ ಭಾರವನ್ನು ಹೊರಿಸಬಹುದು, ಶುಲ್ಕವನ್ನು ವಾಹನದವನೇ ತೆರಲಿ. ಮೋಟಾರು ವಾಹನದ ವಿಷಯವು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ನಮ್ಮ ರಾಜ್ಯ ಸರ್ಕಾರಕ್ಕೂ ಇದರಲ್ಲಿ ಬಾಯಿಯುಂಟು. ಸಾರಿಗೆ ಸಚಿವರು ದೆಹಲಿಗೆ ಒಂದು ಪತ್ರವನ್ನು ಬರೆಯಲಿ. ನಿಯಮದ ಕರಡನ್ನೂ ಅದರೊಡನೆಯೇ ಲಗತ್ತಿಸಿ ಕಳುಹಿಸಲಿ.