ಅವನು ಸೋಮಾರಿಯಲ್ಲ, ನಮ್ಮ ಪಂಚಾಯಿತಿ ಸೋಮಾರಿ

ಸ್ಕಿಜೋಫ್ರೇನಿಯಾ ಎಂಬ ಹೆಸರು ನಮ್ಮೂರುಗಳಲ್ಲಿ ಕೇಳಿದವರು ಕಡಿಮೆ. ಆ ಕಾಯಿಲೆಯವರು ಇಲ್ಲದ ಊರು ಮಾತ್ರ ಸಿಗುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸುಮಾರು 300 ಜನರಿಗೆ ಒಬ್ಬರು. 3,000 ಜನರ ಪಂಚಾಯಿತಿಗೆ ಸರಾಸರಿ ಹತ್ತು ಮಂದಿ ಅಂತಾಯಿತು.

ಯಾರೂ ಇಲ್ಲದಿದ್ದರೂ ಧ್ವನಿ ಕೇಳುತ್ತದೆ, ಎಲ್ಲರೂ ತನ್ನ ಮೇಲೆ ಸಂಚು ಮಾಡುತ್ತಿದ್ದಾರೆ ಅನಿಸುತ್ತದೆ. ಮನೆಯವರು ದೇವರು, ತಾಯತ ಎಲ್ಲ ಮುಗಿಸಿ ಆಸ್ಪತ್ರೆಗೆ ಹೋಗುತ್ತಾರೆ. ಮಾತ್ರೆಗೆ ಹೆಚ್ಚಿನವರಲ್ಲಿ ಧ್ವನಿ ತಗ್ಗುತ್ತದೆ. ಆಮೇಲೆ ಅರಳಿಕಟ್ಟೆಯ ನ್ಯಾಯ ಶುರು: "ಈಗ ಹುಷಾರಾಗಿದಾನಲ್ಲ, ಯಾಕೆ ಗೇಯಲ್ಲ? ಸ್ನಾನ ಯಾಕೆ ಮಾಡಲ್ಲ? ಅಪ್ಪ ಸತ್ತಾಗ ಒಂದು ಹನಿ ಕಣ್ಣೀರು ಹಾಕಲಿಲ್ಲ. ತಿಂದು ಮಲಗೋ ಸೋಮಾರಿ." ಹೆಣ್ಣಾದರೆ ಇಷ್ಟು ಮಾತೂ ಇಲ್ಲ, ನೇರ ತವರಿಗೆ ಅಟ್ಟುತ್ತಾರೆ.

ಈ ನ್ಯಾಯಕ್ಕೆ ನಮ್ಮ ತಕರಾರಿದೆ.

ಹೊಲಕ್ಕೆ ನೀರು ಕಟ್ಟುವ ಕೆಲಸವನ್ನೇ ನೋಡಿ. ಕರೆಂಟು ಬರುವ ಹೊತ್ತು ನೆನಪಿರಬೇಕು. ಮೋಟಾರು ಹಾಕಬೇಕು. ಒಂದು ಪಾತಿ ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸಬೇಕು. ನಡುವೆ ಬದು ಒಡೆದರೆ ಎಲ್ಲ ಬಿಟ್ಟು ಅದನ್ನು ಮೊದಲು ಕಟ್ಟಬೇಕು. ನಮಗೆ ಇದು ಒಂದೇ ಕೆಲಸ, ಮೆದುಳಿಗೆ ಹತ್ತು ಕೆಲಸ. ಆ ಹತ್ತನ್ನು ಸಾಲಾಗಿ ಜೋಡಿಸಿ, ಎಡವಿದರೆ ದಾರಿ ಬದಲಿಸುವ ಮೇಸ್ತ್ರಿಯಂಥ ಶಕ್ತಿ ಮೆದುಳಿನಲ್ಲಿದೆ. ಹಣೆಯ ಹಿಂದಿನ ಭಾಗಕ್ಕೆ ಅದರಲ್ಲಿ ದೊಡ್ಡ ಪಾಲು. ಈ ಕಾಯಿಲೆ ಆ ಮೇಸ್ತ್ರಿಯನ್ನೇ ಮಂಕು ಮಾಡುತ್ತದೆ. ಕೈಕಾಲು ಗಟ್ಟಿ ಇದ್ದರೂ ಕೆಲಸ ಎಲ್ಲಿಂದ ಶುರು ಮಾಡುವುದು ಎಂಬುದೇ ಹೊಳೆಯುವುದಿಲ್ಲ. ಈಗಿನ ಮಾತ್ರೆಗಳು ಧ್ವನಿಯನ್ನು ತಗ್ಗಿಸಿದ ಹಾಗೆ ಈ ತೊಂದರೆಯನ್ನು ತಗ್ಗಿಸುವುದಿಲ್ಲ. ಕೆಲವು ಮಾತ್ರೆಗಳು ನಿದ್ದೆಯನ್ನೂ ತರುತ್ತವೆ.

ಇನ್ನು ಕಣ್ಣೀರಿನ ಮಾತು. ಮುಖ ಏನೂ ತೋರಿಸದಿದ್ದರೂ ಆ ಹೊತ್ತಿನ ಸುಖದುಃಖ ಇವರ ಒಳಗೆ ಬಹುಮಟ್ಟಿಗೆ ನಮ್ಮಂತೆಯೇ ಇರುತ್ತದೆ ಎಂದು ಸಂಶೋಧನೆಗಳು ಹೇಳುತ್ತವೆ. ಅನೇಕರಿಗೆ ಕಷ್ಟವಾಗುವುದು, ನಾಳೆಯ ಖುಷಿಯನ್ನು ಇವತ್ತೇ ಊಹಿಸಿ ಹೆಜ್ಜೆ ಎತ್ತಿಡುವುದು. ಜಾತ್ರೆಗೆ ಕರೆದೊಯ್ದರೆ ಖುಷಿಪಡುವವರು ತಾವಾಗಿ ಹೊರಡುವುದಿಲ್ಲ. ಎದುರಿನವರ ಮುಖ ಓದುವುದೂ ಕಷ್ಟ. ನೀವು ಸುಮ್ಮನೆ ನೋಡಿದ್ದು ಅವರಿಗೆ ಗದರಿಸಿದಂತೆ ಕಾಣಬಹುದು.

"ದಿನಾ ಸಾಕುವವರಿಗೆ ಗೊತ್ತು ಕಷ್ಟ" ಅನ್ನುತ್ತೀರಿ. ನಿಜ. ವಯಸ್ಸಾದ ತಾಯಿ ಒಬ್ಬಳೇ ಅನ್ನ, ಮಾತ್ರೆ, ಬಟ್ಟೆ ಎಲ್ಲ ನೋಡಿಕೊಂಡರೆ ಬೈಗುಳ ಬಾರದೆ ಇರುತ್ತದೆಯೇ? ಆದರೆ ಸದಾ ಬೈಗುಳ, ಹಗೆತನ ಇರುವ ಮನೆಯಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು. ಲಂಡನ್ನಿನಲ್ಲೂ ಚಂಡೀಗಢದಲ್ಲೂ ಅಧ್ಯಯನ ಮಾಡಿ ಕಂಡ ಮಾತಿದು. ಹಾಗಾಗಿ ಆ ತಾಯಿಯ ಹೊರೆ ಇಳಿಸುವುದೂ ಚಿಕಿತ್ಸೆಯೇ. ಇಳಿಸಬೇಕಾದವರು ಯಾರು?

ಕಾನೂನು ಬಾಯಿಬಿಟ್ಟು ಹೇಳಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಅದನ್ನು ಅಳೆಯುವ 'ಐಡಿಯಾಸ್' ಎಂಬ ಪಟ್ಟಿ ನೋಡುವುದು ನಾಲ್ಕು ವಿಷಯ: ತನ್ನ ಮೈ ತಾನು ನೋಡಿಕೊಳ್ಳುವುದು, ಜನರೊಂದಿಗೆ ಬೆರೆಯುವುದು, ಮಾತು ಅರ್ಥಮಾಡಿಕೊಳ್ಳುವುದು, ದುಡಿಯುವುದು. ಅಂದರೆ ಊರು ಸೋಮಾರಿತನ ಅನ್ನುವುದನ್ನೇ ಸರ್ಕಾರ ಅಂಗವೈಕಲ್ಯ ಎಂದು ಒಪ್ಪಿದೆ! ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೌಲಭ್ಯಕ್ಕೆ ಅರ್ಹತೆ.

ಹಾಗಾದರೆ ಪಂಚಾಯಿತಿಯ ಅಂಗವಿಕಲರ ಪಟ್ಟಿಯಲ್ಲಿ ಇವರ ಹೆಸರು ಎಲ್ಲಿ? ಅಂಗವಿಕಲರಿಗೆಂದು ಎತ್ತಿಟ್ಟ ಶೇ 5ರ ಅನುದಾನ ಎಂದರೆ ತ್ರಿಚಕ್ರ ವಾಹನ, ಫೋಟೊ, ಚಪ್ಪಾಳೆ ಎಂದಷ್ಟೇ ತಿಳಿದವರಿಗೆ ಕುಂಟದ, ಕುರುಡಲ್ಲದ ಈ ಮನುಷ್ಯ ಕಣ್ಣಿಗೇ ಬೀಳುವುದಿಲ್ಲ. ಅರ್ಜಿ ಬರೆದು, ತಾಲ್ಲೂಕಿಗೆ ಅಲೆದು, ದಾಖಲೆ ಜೋಡಿಸಲು ಬೇಕಾದದ್ದೂ ಅದೇ ಮೇಸ್ತ್ರಿ. ಅದನ್ನೇ ಕಾಯಿಲೆ ಕಿತ್ತುಕೊಂಡಿರುವಾಗ "ಅವರು ಬಂದು ಅರ್ಜಿ ಹಾಕಲಿಲ್ಲ" ಅನ್ನುವುದು ಯಾವ ಸೀಮೆಯ ಆಡಳಿತ?

ದೂರದ ಮಾತು ಬೇಡ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ವರ್ಷಗಟ್ಟಲೆ ಊರಿನ ಮಟ್ಟದಲ್ಲೇ ಇಂಥವರನ್ನು ಹುಡುಕಿ ಚಿಕಿತ್ಸೆಗೆ ತಂದಿದ್ದಾರೆ. ಮನಸ್ಸಿದ್ದರೆ ಆಗುತ್ತದೆ.

ನಾವು ಕೇಳುವುದು ಇಷ್ಟೇ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಆಶಾ ಕಾರ್ಯಕರ್ತೆಯರ ಜೊತೆ ಇಂಥ ಮನೆಗಳಿಗೆ ಹೋಗಲಿ. ಅರ್ಜಿಯನ್ನು ಅವರೇ ತುಂಬಿಸಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ತಪ್ಪದೆ ಸಿಗಲಿ. ಮುಂದಿನ ಗ್ರಾಮಸಭೆಯಲ್ಲಿ ನೀವು ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: "ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯವರು ಎಷ್ಟು ಜನ?" ಉತ್ತರ ಸೊನ್ನೆ ಎಂದಾದರೆ ನಡಾವಳಿ ಪುಸ್ತಕದಲ್ಲಿ ಬರೆಸಿ.

ಮನೆಯಲ್ಲಿ ಇಂಥವರಿದ್ದರೆ "ಹೋಗಿ ಗೇಯಿ" ಅನ್ನಬೇಡಿ. "ಬಾ, ಈ ಬಿಂದಿಗೆ ಹಿಡಿ" ಅನ್ನಿ. ಅದು ಮುಗಿದ ಮೇಲೆ ಮುಂದಿನದು ಹೇಳಿ. ಕಟ್ಟಿಹಾಕಬೇಡಿ, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಸರಪಳಿ ಹಾಕುವುದು ನಿಷಿದ್ಧ. ಸಲಹೆ ಬೇಕಾದರೆ ಟೆಲಿ ಮನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.