ಹಂಪೆಗೆ ಬಂದವರು ನಿಲ್ಲುವುದೆಲ್ಲಿ?

ಯಾವ ಊರಿನ ಪ್ರವಾಸೋದ್ಯಮವಾದರೂ ಮೂರು ಸಂಗತಿಗಳನ್ನು ಆಶ್ರಯಿಸಿರುವುದು. ಅಲ್ಲಿಗೆ ಹೋಗಲು ದಾರಿಯೂ ವಾಹನವೂ ಇರಬೇಕು. ಹೋದವನಿಗೆ ನೋಡತಕ್ಕದ್ದೇನಾದರೂ ಇರಬೇಕು. ನೋಡಿಯಾದ ಮೇಲೆ ಹಾಯಾಗಿ ನಾಲ್ಕು ಗಳಿಗೆ ಕಳೆದು ಒಂದು ರಾತ್ರಿ ತಂಗಲು ವಿಶ್ರಾಂತಿ, ವಿನೋದಗಳ ಅನುಕೂಲವಿರಬೇಕು. ದಾರಿಯಿಲ್ಲದ ಅದ್ಭುತವನ್ನು ನೋಡುವವರಿಲ್ಲ. ನೋಡತಕ್ಕದ್ದಿಲ್ಲದ ಊರಿಗೆ ದಾರಿಯಿದ್ದೂ ಪ್ರಯೋಜನವಿಲ್ಲ. ಇವೆರಡೂ ಇದ್ದು ನಿಲ್ಲಲು ನೆಲೆಯಿಲ್ಲದಿದ್ದರೆ ಜನ ಬೆಳಿಗ್ಗೆ ಬಂದು ಸಂಜೆಗೆ ಮರಳುವರು, ಊರಿಗೆ ಧೂಳಲ್ಲದೆ ಬೇರೇನೂ ಉಳಿಯದು. ನಮ್ಮ ಹಂಪೆಯಲ್ಲಿ ಈಗ ಆಗಿರುವುದು ಈ ಮೂರನೆಯ ಸ್ಥಿತಿಯೆಂದು ಹೇಳದೆ ವಿಧಿಯಿಲ್ಲ.

ಸಾರಿಗೆಯ ಬಲವೆಷ್ಟೆಂಬುದಕ್ಕೆ ಇತಿಹಾಸದಲ್ಲಿ ಸಾಕಷ್ಟು ನಿದರ್ಶನಗಳುಂಟು. ಇಂಗ್ಲೆಂಡಿನಲ್ಲಿ ಥಾಮಸ್ ಕುಕ್ ಎಂಬಾತನು 1841ರಲ್ಲಿ ಲೆಸ್ಟರಿನಿಂದ ಲಫ್‌ಬರೋ ಎಂಬಲ್ಲಿಗೆ, ತಲೆಗೊಂದು ಷಿಲಿಂಗಿನಂತೆ, ಸುಮಾರು ಐನೂರು ಮಂದಿಯನ್ನು ರೈಲಿನಲ್ಲಿ ಪಾನನಿರೋಧ ಸಭೆಗೆ ಕರೆದೊಯ್ದನು. ಅದೇ ಮುಂದೆ ಜಗತ್ತಿನಾದ್ಯಂತ ಹಬ್ಬಿದ ಪ್ರವಾಸ ವ್ಯಾಪಾರಕ್ಕೆ ನಾಂದಿಯಾಯಿತು. ಅಷ್ಟು ದೂರ ಹೋಗುವುದೇಕೆ? ನಮ್ಮ ರಾಜ್ಯದಲ್ಲಿಯೇ 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆಯು ಜಾರಿಗೆ ಬಂದು, ಸಾಮಾನ್ಯ ಬಸ್ಸುಗಳಲ್ಲಿ ಸ್ತ್ರೀಯರಿಗೆ ಪ್ರಯಾಣವು ಉಚಿತವಾದೊಡನೆ ಧರ್ಮಸ್ಥಳ ಮೊದಲಾದ ಕ್ಷೇತ್ರಗಳಿಗೆ ಹರಿದ ಜನಪ್ರವಾಹವನ್ನು ಎಲ್ಲರೂ ಕಂಡಿರುವರು. ಆ ಕ್ಷೇತ್ರಗಳಲ್ಲಿನ ದೇವರು ಹಿಂದಿನ ದೇವರೇ, ಭಕ್ತಿಯೂ ಹಿಂದಿನ ಭಕ್ತಿಯೇ. ಹೊಸದಾಗಿ ಬಂದುದು ಟಿಕೆಟ್ಟಿನ ಹಣದ ಉಳಿತಾಯವೊಂದೇ. ಆದರೆ ಧರ್ಮಸ್ಥಳಕ್ಕೆ ಹೋದವರಿಗೆ ಅನ್ನಛತ್ರವೂ ವಸತಿಗೃಹಗಳೂ ಮೊದಲಿನಿಂದಲೂ ಸಿದ್ಧವಾಗಿದ್ದುವೆಂಬುದನ್ನು ಮರೆಯಬಾರದು. ಬಂದ ಜನವನ್ನು ಹಿಡಿದಿಡುವ ಏರ್ಪಾಡು ಇದ್ದಲ್ಲಿ ಮಾತ್ರ ದಾರಿಯಿಂದ ಊರಿಗೆ ಲಾಭ.

ಇನ್ನು ಹಂಪೆಯನ್ನು ನೋಡೋಣ. ಆಕರ್ಷಣೆಯ ವಿಷಯದಲ್ಲಿ ಇದಕ್ಕೆ ಕೊರತೆಯೇನಿದೆ? ವಿರೂಪಾಕ್ಷನ ಗೋಪುರ, ವಿಠಲನ ಗುಡಿ, ಕಲ್ಲಿನ ರಥ, ಮಹಾನವಮಿ ದಿಬ್ಬ, ಹೇಮಕೂಟ, ಮಾತಂಗ ಪರ್ವತ, ಹೊಳೆಯಾಚೆಯ ಆನೆಗೊಂದಿ ಮತ್ತು ಅಂಜನಾದ್ರಿ, ಇವೆಲ್ಲವೂ ನಾಲ್ಕು ಹೆಜ್ಜೆಗೊಂದರಂತೆ ಬಿದ್ದಿರುವ ಮತ್ತೊಂದು ಸ್ಥಳವು ಭರತಖಂಡದಲ್ಲಿ ದುರ್ಲಭ. 1986ರಲ್ಲಿ ಯುನೆಸ್ಕೋ ಸಂಸ್ಥೆಯವರು ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. 2017ರಲ್ಲಿ ಹೊರಟ ಐವತ್ತು ರೂಪಾಯಿಯ ಹೊಸ ನೋಟಿನ ಮೇಲೆ ಕಲ್ಲಿನ ರಥವು ಅಚ್ಚಾಯಿತು. 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಆ ವರ್ಷ ನೋಡಬೇಕಾದ 52 ಸ್ಥಳಗಳನ್ನು ಹೆಸರಿಸಿದಾಗ ಹಂಪೆಗೆ ಎರಡನೆಯ ಸ್ಥಾನವಿತ್ತಿತು. ಇದಕ್ಕಿಂತ ದೊಡ್ಡ ಪ್ರಚಾರವನ್ನು ಯಾವ ಸರ್ಕಾರವೂ ಹಣ ಕೊಟ್ಟು ಮಾಡಿಸಲಾರದು.

ದಾರಿಗೂ ಈಗ ಕೊರತೆಯಿಲ್ಲ. ಚಿತ್ರದುರ್ಗದಿಂದ ವಿಜಯಪುರದ ಕಡೆಗೆ ಸಾಗುವ 50ನೆಯ ರಾಷ್ಟ್ರೀಯ ಹೆದ್ದಾರಿಯು ಹೊಸಪೇಟೆಯನ್ನು ಹಾದುಹೋಗುವುದು. ರಾತ್ರಿ ಬೆಂಗಳೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದವನು ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿಯಬಹುದು. ಅಲ್ಲಿಂದ ಹಂಪೆಗೆ ಹದಿಮೂರು ಕಿಲೋಮೀಟರಿನಷ್ಟು ದಾರಿ. ತೋರಣಗಲ್ಲಿನ ಬಳಿ ವಿದ್ಯಾನಗರದಲ್ಲಿ ವಿಮಾನ ನಿಲ್ದಾಣವೂ ಉಂಟು. 2008ರಲ್ಲಿ ಹೊರಡಿಸಿದ ಐಷಾರಾಮಿ ರೈಲಿಗೆ ಸುವರ್ಣ ರಥವೆಂದು ಹೆಸರಿಟ್ಟುದು ಸಹ ಹಂಪೆಯ ಕಲ್ಲಿನ ರಥವನ್ನು ನೆನೆದೇ. ಹೀಗೆ ಮೊದಲನೆಯದೂ ಎರಡನೆಯದೂ ಕೂಡಿಬಂದಿರುವಾಗ ಮೂರನೆಯದರ ಗತಿಯೇನಾಯಿತು?

ಅದನ್ನು ಹೇಳುವ ಮುನ್ನ ಒಂದು ಹಳೆಯ ಸಂಗತಿಯನ್ನು ಜ್ಞಾಪಿಸುವುದು ಅವಶ್ಯ. ಈ ಪಟ್ಟಣವನ್ನು ಕಟ್ಟಿದವರು ದಾರಿ, ದರ್ಶನ, ವಿನೋದಗಳನ್ನು ಬೇರೆ ಬೇರೆಯಾಗಿ ಎಣಿಸಿದವರಲ್ಲ. ವಿರೂಪಾಕ್ಷ, ಕೃಷ್ಣ, ಅಚ್ಯುತರಾಯ, ವಿಠಲ ಈ ಒಂದೊಂದು ದೊಡ್ಡ ಗುಡಿಯ ಮುಂದೆಯೂ ಒಂದೊಂದು ಉದ್ದನೆಯ ಬಜಾರನ್ನು ಹಾಕಿಸಿದರು. ಅದೇ ತೇರಿನ ಬೀದಿ, ಅದೇ ಅಂಗಡಿಯ ಸಾಲು, ಯಾತ್ರಿಕನಿಗೆ ಅದೇ ನೆರಳು. 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನೂ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ದೇಶದ ಡೊಮಿಂಗೊ ಪಾಯೆಸನೂ ಕೋಟೆ ಅರಮನೆಗಳನ್ನು ವರ್ಣಿಸಿ ಸುಮ್ಮನಾಗಲಿಲ್ಲ. ಬಜಾರಿನ ಸರಕುಗಳನ್ನೂ ಮಹಾನವಮಿಯ ಉತ್ಸವವನ್ನೂ ಬಗೆಬಗೆಯಾಗಿ ಬರೆದಿಟ್ಟರು. ಕುಸ್ತಿ, ನೃತ್ಯ, ಬಾಣಬಿರುಸುಗಳು ಅವರನ್ನು ಬೆರಗುಗೊಳಿಸಿದುವು. ಇಂದಿಗೂ ಚೈತ್ರ ಮಾಸದ ರಥೋತ್ಸವಕ್ಕೆ ಸುತ್ತಣ ಹಳ್ಳಿಗಳವರು ಬರುವುದು ದೇವರಿಗಾಗಿಯೂ ಹೌದು, ಜಾತ್ರೆಗಾಗಿಯೂ ಹೌದು.

ಈ ಬಜಾರಿನಲ್ಲಿ ನಮ್ಮ ಕಾಲಕ್ಕೆ ಜನ ವಾಸವಾಗಿದ್ದರು. ಸಾಲುಮಂಟಪಗಳೊಳಗೆ ಇಟ್ಟಿಗೆ ಸಿಮೆಂಟಿನ ಗೋಡೆಗಳೆದ್ದುವು. ಉಪಾಹಾರಗೃಹಗಳೂ ಅಂಗಡಿಗಳೂ ಬಾಡಿಗೆಯ ಕೋಣೆಗಳೂ ಬೆಳೆದುವು. ಪುರಾತನ ಕಂಬಗಳಿಗೆ ಇದರಿಂದ ಹಾನಿಯಾಗುತ್ತಿದ್ದುದು ಸುಳ್ಳಲ್ಲ. 2011ರ ಜುಲೈ ತಿಂಗಳಲ್ಲಿ ಅಧಿಕಾರಿಗಳು ಯಂತ್ರಗಳೊಡನೆ ಬಂದು ಅವನ್ನು ಕೆಡವಿಸಿದರು. ಮುನ್ನೂರರಷ್ಟು ಕುಟುಂಬಗಳು ಅಲ್ಲಿಂದ ಎದ್ದುವು. ಹಲವರಿಗೆ ಕಡ್ಡಿರಾಂಪುರದ ಬಳಿ ನಿವೇಶನಗಳನ್ನು ತೋರಿಸಿದುದು ನಿಜವಾದರೂ, ಬದುಕಿನ ಆಧಾರವಾಗಿದ್ದ ಗಿರಾಕಿಯು ನಿವೇಶನದ ಹಿಂದೆ ನಡೆದು ಬರುವವನಲ್ಲ. ಬಳಿಕ ವಿದೇಶೀಯ ಪ್ರವಾಸಿಗಳು ಹೊಳೆಯ ಆಚೆಯ ವಿರೂಪಾಪುರ ಗಡ್ಡೆಯನ್ನು ಹೆಚ್ಚಾಗಿ ನೆಚ್ಚಿಕೊಂಡರು. ಅಲ್ಲಿದ್ದ ವಸತಿಗೃಹಗಳೂ ಅನಧಿಕೃತವೆಂದು 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ಮರುತಿಂಗಳಲ್ಲಿ ಅವೂ ನೆಲಸಮವಾದುವು.

ನ್ಯಾಯಾಲಯದ ನಿರ್ಣಯವನ್ನು ನಾವು ಆಕ್ಷೇಪಿಸುವುದಿಲ್ಲ. ಕಾಯಿದೆಯನ್ನು ಮೀರಿ ಕಟ್ಟಿದುದನ್ನು ಕಾಯಿದೆಯು ಕೆಡವುವುದು ಸಹಜವೇ. ನಮ್ಮ ಆಕ್ಷೇಪವು ಬೇರೆ. ಕೆಡವುವುದರಲ್ಲಿ ತೋರಿದ ದಕ್ಷತೆಯಲ್ಲಿ ಕಾಲುಭಾಗವನ್ನಾದರೂ ಕಟ್ಟುವುದರಲ್ಲಿ ತೋರಿದ್ದರೆ ಹಂಪೆಯ ಸ್ಥಿತಿ ಹೀಗಿರುತ್ತಿರಲಿಲ್ಲ. ತಂಗುವ ನೆಲೆಗಳೆರಡೂ ಹೋದ ಮೇಲೆ ಅವಕ್ಕೆ ಬದಲಾಗಿ, ಕಾಯಿದೆಗೆ ಒಪ್ಪುವಂಥ, ಸಾಮಾನ್ಯ ಮನುಷ್ಯನ ಕೈಗೆಟುಕುವಂಥ ಏರ್ಪಾಡು ಅದೇ ಪ್ರಮಾಣದಲ್ಲಿ ಸಮೀಪದಲ್ಲಿ ಆಗಲಿಲ್ಲ. ಹಣವಂತರಿಗೆ ಕಮಲಾಪುರ, ಹೊಸಪೇಟೆಗಳಲ್ಲಿ ದೊಡ್ಡ ಹೋಟೆಲುಗಳಿವೆ. ಸಂಸಾರದೊಡನೆ ಬರುವ ಉಪಾಧ್ಯಾಯನೂ ಗುಮಾಸ್ತನೂ ರೈತನೂ ಬಾಡಿಗೆಯ ವಾಹನದಲ್ಲಿ ಬಂದು, ನಾಲ್ಕು ಗುಡಿಗಳನ್ನು ಓಡೋಡಿ ನೋಡಿ, ಕತ್ತಲಾಗುವುದರೊಳಗೆ ಮುಂದಿನ ಊರಿಗೆ ಹೊರಟುಬಿಡುವರು.

ಇದರಿಂದ ಯಾರಿಗೆ ನಷ್ಟ? ಒಂದು ರಾತ್ರಿ ತಂಗುವ ಯಾತ್ರಿಕನು ಕೋಣೆಗೆ ಬಾಡಿಗೆ ಕೊಡುವನು, ಎರಡು ಹೊತ್ತು ಊಟ ಮಾಡುವನು, ಹರಿಗೋಲಿನಲ್ಲಿ ಕುಳಿತು ಹೊಳೆಯನ್ನು ನೋಡುವನು, ಮಾರ್ಗದರ್ಶಿಯ ಮಾತನ್ನು ಕೇಳುವ ವ್ಯವಧಾನವುಳ್ಳವನಾಗಿರುವನು, ಸಂಜೆ ಏನಾದರೂ ಕೊಳ್ಳುವನು. ಆತನ ಹಣವು ಹತ್ತು ಮನೆಗಳಿಗೆ ಹಂಚಿಹೋಗುವುದು. ದಿನದೊಳಗೆ ಬಂದುಹೋಗುವವನ ಹಣವು ಪೆಟ್ರೋಲು ಬಂಕಿನವನಿಗೂ ವಾಹನದ ಮಾಲೀಕನಿಗೂ ಸೇರುವುದು. ಅವರು ಬಹುಮಟ್ಟಿಗೆ ಹೊರಗಿನವರು. ಆದರೆ ಕಲ್ಲಿನ ಮೇಲೆ ಬೀಳುವ ಹೆಜ್ಜೆಯೂ, ಬೀದಿಯಲ್ಲಿ ಬೀಳುವ ಕಸವೂ ಇಬ್ಬರವೂ ಒಂದೇ. ಹೆಚ್ಚು ಜನ ತಂಗಿದರೆ ಸ್ಮಾರಕಗಳಿಗೆ ಅಪಾಯವೆಂದು ಹೇಳುವವರು ಈ ಲೆಕ್ಕವನ್ನು ಗಮನಿಸಬೇಕು. ಸ್ಮಾರಕಗಳಿಂದ ಎಷ್ಟು ದೂರದಲ್ಲಿ ತಂಗಿಸಬೇಕೆಂಬುದೇ ಪ್ರಶ್ನೆ, ತಂಗಿಸಲೇಬಾರದೆಂಬುದು ಉತ್ತರವಲ್ಲ.

ಸಾರಿಗೆಯನ್ನು ಆಕರ್ಷಣೆಯ ತಲೆಯ ಮೇಲೆ ಕುಳ್ಳಿರಿಸಿದರೆ ಏನಾಗುವುದೆಂಬ ಪಾಠವನ್ನು ಹಂಪೆಯೇ ಕಲಿಸಿದೆ. ಹೊಳೆಯ ಮೇಲೆ ಸ್ಮಾರಕಗಳ ನಟ್ಟನಡುವೆ ಸೇತುವೆಗಳನ್ನು ಕಟ್ಟಹೊರಟ ಕಾರಣದಿಂದ 1999ರಲ್ಲಿ ಹಂಪೆಯು ಅಪಾಯಕ್ಕೀಡಾದ ಪರಂಪರೆಯ ಪಟ್ಟಿಗೆ ಬಿತ್ತು. ಅದರಿಂದ ಹೊರಬಂದುದು 2006ರಲ್ಲಿ. ಆನೆಗೊಂದಿಯ ಸೇತುವೆಯ ಕೆಲಸವನ್ನು ಮತ್ತೆ ಕೈಗೊಂಡಾಗ 2009ರಲ್ಲಿ ಅದು ಕುಸಿದು ಕಾರ್ಮಿಕರು ಪ್ರಾಣ ತೆತ್ತರು. ಕಡೆಗೆ ಬುಕ್ಕಸಾಗರ, ಕಡೇಬಾಗಿಲುಗಳ ನಡುವೆ, ಸ್ಮಾರಕಗಳ ನಡುನೆಲೆಯನ್ನು ಬಿಟ್ಟು, ಸೇತುವೆಯಾಯಿತು. ಈ ಬುದ್ಧಿ ಮೊದಲೇ ಬಂದಿದ್ದರೆ ಹಣವೂ ಉಳಿಯುತ್ತಿತ್ತು, ಜೀವವೂ ಉಳಿಯುತ್ತಿತ್ತು. ಇದಕ್ಕೆ ಪ್ರತಿಯಾಗಿ ವಿಠಲನ ಗುಡಿಯ ಏರ್ಪಾಡನ್ನು ನೋಡಿರಿ. ಸುಮಾರು ಒಂದು ಕಿಲೋಮೀಟರ್ ದೂರದಲ್ಲಿಯೇ ಮೋಟಾರುಗಳನ್ನು ನಿಲ್ಲಿಸಿ, ಅಲ್ಲಿಂದ ಮುಂದಕ್ಕೆ ಬ್ಯಾಟರಿಯ ಬಂಡಿಗಳಲ್ಲಿ ಜನರನ್ನು ಕರೆದೊಯ್ಯುವರು. ಹೊಗೆಯಿಲ್ಲ, ಅದುರುವಿಕೆಯಿಲ್ಲ, ಬಂಡಿ ನಡೆಸುವ ಕೆಲಸವು ಊರಿನ ಹೆಣ್ಣುಮಕ್ಕಳಿಗೂ ದೊರೆಯಿತು. ಸಾರಿಗೆಯು ಆಕರ್ಷಣೆಯ ಸೇವಕನಾಗಿರುವುದೆಂದರೆ ಹೀಗೆ.

ವಿನೋದಕ್ಕೆ ನೆಲೆಯನ್ನೂ ಮೇಲ್ವಿಚಾರಣೆಯನ್ನೂ ಕಲ್ಪಿಸದಿದ್ದರೆ ಅದು ತನ್ನ ದಾರಿಯನ್ನು ತಾನೇ ಹಿಡಿಯುವುದು. 2019ರಲ್ಲಿ ನಾಲ್ವರು ಯುವಕರು ಗಜಶಾಲೆಯ ಹಿಂಬದಿಯ ಗುಡಿಯ ಕಂಬವೊಂದನ್ನು ತಳ್ಳಿ ಉರುಳಿಸಿ ಮೋಜು ಮಾಡಿದರು. ನ್ಯಾಯಾಲಯವು ತಲಾ ಎಪ್ಪತ್ತು ಸಾವಿರ ರೂಪಾಯಿ ದಂಡ ವಿಧಿಸಿ ಅವರಿಂದಲೇ ಕಂಬವನ್ನು ಎತ್ತಿ ನಿಲ್ಲಿಸಿತು. ಇದಕ್ಕಿಂತ ಘೋರವಾದುದು 2025ರ ಮಾರ್ಚಿ ತಿಂಗಳಲ್ಲಿ ಸಾಣಾಪುರದ ಬಳಿ ನಡೆಯಿತು. ರಾತ್ರಿ ಕಾಲುವೆಯ ದಡದಲ್ಲಿ ಆಕಾಶದ ನಕ್ಷತ್ರಗಳನ್ನು ನೋಡುತ್ತ ಕುಳಿತಿದ್ದವರ ಮೇಲೆ ದುಷ್ಟರು ಬಿದ್ದರು. ವಿದೇಶದ ಅತಿಥಿಯೂ ಅವರಿಗೆ ಆತಿಥ್ಯವಿತ್ತ ಸ್ಥಳೀಯ ಮಹಿಳೆಯೂ ಅತ್ಯಾಚಾರಕ್ಕೆ ಗುರಿಯಾದರು. ಕಾಲುವೆಗೆ ತಳ್ಳಲ್ಪಟ್ಟ ಪ್ರವಾಸಿಯೊಬ್ಬನು ಸತ್ತನು. ನಕ್ಷತ್ರ ನೋಡುವುದು ಅಪರಾಧವಲ್ಲ, ಅತಿಥಿಯನ್ನು ಕರೆದೊಯ್ದುದೂ ಅಪರಾಧವಲ್ಲ. ಪ್ರವಾಸಿಗಳು ಹೋಗಿಯೇ ಹೋಗುವರೆಂದು ತಿಳಿದಿರುವ ಎಡೆಗಳಲ್ಲಿ ದೀಪವನ್ನೂ ಕಾವಲನ್ನೂ ಇರಿಸುವುದು ಆಳುವವರ ಹೊಣೆ. ಅತಿಥಿಯ ಮಾನಪ್ರಾಣಗಳನ್ನು ಕಾಯಲಾರದ ನಾಡು ಪ್ರವಾಸೋದ್ಯಮದ ಮಾತನ್ನು ಯಾವ ಬಾಯಿಂದ ಆಡುವುದು?

ಹೀಗಾಗುವುದಕ್ಕೆ ಮುಖ್ಯ ಕಾರಣವು ಹಣದ ಕೊರತೆಯಲ್ಲ, ಒಡೆತನದ ಗೊಂದಲ. ಸ್ಮಾರಕಗಳಲ್ಲಿ ಕೆಲವು ಕೇಂದ್ರದ ಪುರಾತತ್ವ ಇಲಾಖೆಯವರವು, ಕೆಲವು ರಾಜ್ಯದವರವು. ಹೊಳೆಯ ಈಚೆಯದು 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆ, ಆಚೆಯದು ಕೊಪ್ಪಳ ಜಿಲ್ಲೆ. ರಸ್ತೆ ಒಬ್ಬರದು, ಬಸ್ಸು ಮತ್ತೊಬ್ಬರದು, ಉತ್ಸವ ಇನ್ನೊಬ್ಬರದು. ಇವರೆಲ್ಲರನ್ನು ಒಂದೆಡೆ ಕೂಡಿಸಲೆಂದೇ 2002ರ ಕಾಯಿದೆಯ ಪ್ರಕಾರ ಹಂಪಿ ವಿಶ್ವ ಪರಂಪರಾ ಪ್ರದೇಶ ನಿರ್ವಹಣಾ ಪ್ರಾಧಿಕಾರವು ಏರ್ಪಟ್ಟಿತು. ಆದರೆ ಜನರ ಕಣ್ಣಿಗೆ ಅದು ಬೇಡವೆನ್ನುವ ಕಚೇರಿಯಾಗಿ ಕಂಡಿರುವಷ್ಟು, ಹೀಗೆ ಮಾಡಿರೆನ್ನುವ ಕಚೇರಿಯಾಗಿ ಕಂಡಿಲ್ಲ. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷನ ರಥಬೀದಿಯ ಸಾಲುಮಂಟಪದ ಒಂದು ಭಾಗವು ಕುಸಿಯಿತು. ಜನರನ್ನೆಬ್ಬಿಸಿದ ಬೀದಿಯಲ್ಲಿಯೂ ಕಲ್ಲು ಉಳಿಯಲಿಲ್ಲ. ಎಬ್ಬಿಸುವುದೇ ರಕ್ಷಣೆಯಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದುದರಿಂದ ಸರ್ಕಾರದವರ ಮುಂದೆ ಕೆಲವು ಸೂಚನೆಗಳನ್ನು ಇಡುತ್ತೇವೆ. ಮೊದಲನೆಯದಾಗಿ, ವಿಠಲನ ಗುಡಿಯ ಪದ್ಧತಿಯನ್ನು ಎಲ್ಲ ಮುಖ್ಯ ಸ್ಮಾರಕಗಳಿಗೂ ವಿಸ್ತರಿಸಿ, ಕಡ್ಡಿರಾಂಪುರ, ಕಮಲಾಪುರಗಳ ಕಡೆಯಲ್ಲಿಯೇ ಖಾಸಗಿ ಮೋಟಾರುಗಳನ್ನು ತಡೆಯತಕ್ಕದ್ದು. ಎರಡನೆಯದಾಗಿ, ಅಲ್ಲಿಯೇ, ಮತ್ತು ಆನೆಗೊಂದಿಯ ಕಡೆಯಲ್ಲಿಯೂ, ಎಲ್ಲಿ ಎಷ್ಟು ಎತ್ತರಕ್ಕೆ ಎಷ್ಟು ಕೋಣೆಗಳನ್ನು ಕಟ್ಟಬಹುದೆಂಬುದನ್ನು ನಕ್ಷೆಯಲ್ಲಿ ಸ್ಪಷ್ಟವಾಗಿ ಗುರುತಿಸಿ, ಊರವರಿಗೆ, ವಿಶೇಷವಾಗಿ ಬಜಾರಿನಿಂದ ಎದ್ದ ಕುಟುಂಬಗಳಿಗೆ, ಮೊದಲು ಪರವಾನಗಿ ಕೊಡತಕ್ಕದ್ದು. ಸ್ಪಷ್ಟವಾದ ಅನುಮತಿಯಿದ್ದಲ್ಲಿ ಕಳ್ಳತನದ ಕಟ್ಟಡವು ತಾನಾಗಿ ಕಡಿಮೆಯಾಗುವುದು. ಮೂರನೆಯದಾಗಿ, ಪ್ರವಾಸಿಗಳ ಸಂಜೆಗೆ ಒಂದು ಸುರಕ್ಷಿತವಾದ ನೆಲೆಯನ್ನು ಕಲ್ಪಿಸತಕ್ಕದ್ದು. ದಿವಂಗತ ಎಂ. ಪಿ. ಪ್ರಕಾಶರ ಮುತುವರ್ಜಿಯಿಂದ ಆರಂಭವಾದ ಹಂಪಿ ಉತ್ಸವವು ಸಂತೋಷದ ಸಂಗತಿಯೇ ಸರಿ. ಆದರೆ ಅದು ವರ್ಷದ ಕೆಲವೇ ದಿನಗಳ ಸಂಭ್ರಮ. ಬಯಲಾಟ, ತೊಗಲುಬೊಂಬೆಯಾಟಗಳಿಗೆ ಬಳ್ಳಾರಿ ಸೀಮೆಯು ಹೆಸರಾದುದು. ಸ್ಮಾರಕಗಳಿಂದ ದೂರದ ಬಯಲಿನಲ್ಲಿ ವಾರಕ್ಕೆರಡು ಸಂಜೆಯಾದರೂ ಇವು ನಡೆದರೆ ಕಲಾವಿದನಿಗೆ ಅನ್ನವೂ, ಅತಿಥಿಗೆ ಆನಂದವೂ, ಊರಿಗೆ ಒಂದು ರಾತ್ರಿಯ ತಂಗುವಿಕೆಯೂ ಲಭಿಸುವುವು. ನಾಲ್ಕನೆಯದಾಗಿ, ಎರಡು ಜಿಲ್ಲೆಗಳ ಪೊಲೀಸರೂ ಕೂಡಿ ಹೊಳೆ, ಕೆರೆ, ಕಾಲುವೆಗಳ ದಡದಲ್ಲಿ ಪ್ರವಾಸಿಗಳಿಗಾಗಿಯೇ ಕಾವಲನ್ನು ನಿಯಮಿಸತಕ್ಕದ್ದು.

ಇವುಗಳಲ್ಲಿ ಯಾವುದೂ ಅಸಾಧ್ಯವಾದುದಲ್ಲ, ಯಾವುದಕ್ಕೂ ಹೊಸ ಕಾಯಿದೆ ಬೇಕಾಗಿಲ್ಲ. ಇರುವ ಪ್ರಾಧಿಕಾರವೇ ನಿರ್ದಿಷ್ಟವಾದ ಅವಧಿಯನ್ನು ಗೊತ್ತುಪಡಿಸಿಕೊಂಡು, ಮಾಡಿದುದನ್ನು ವರ್ಷಕ್ಕೊಮ್ಮೆ ಜನರ ಮುಂದಿಟ್ಟರೆ ಸಾಕು. ಹೆದ್ದಾರಿಯ ಅಗಲವನ್ನೂ ಬಂದವರ ಸಂಖ್ಯೆಯನ್ನೂ ಎಣಿಸಿ ಪ್ರಗತಿಯೆಂದು ಸಾರುವ ಅಭ್ಯಾಸವನ್ನು ಇಲಾಖೆಯವರು ಬಿಡಬೇಕು. ಎಷ್ಟು ಮಂದಿ ಒಂದು ರಾತ್ರಿ ನಿಂತರು, ಅವರ ಹಣವು ಊರಿನ ಎಷ್ಟು ಮನೆಗಳನ್ನು ಮುಟ್ಟಿತು, ಅವರು ಹೋದ ಮೇಲೆ ಕಲ್ಲು ಮೊದಲಿದ್ದಂತೆಯೇ ಇದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲ ದಿನವೇ ಹಂಪೆಯ ಪ್ರವಾಸೋದ್ಯಮವು ನೆಲೆನಿಂತ ದಿನವೆಂದು ನಾವು ಭಾವಿಸುತ್ತೇವೆ. ಬೀದಿಯ ಇಕ್ಕೆಲಗಳಲ್ಲಿ ಮುತ್ತುರತ್ನಗಳ ವ್ಯಾಪಾರ ನಡೆದ ಪಟ್ಟಣದಲ್ಲಿ, ಅಲ್ಲಿಯೇ ಹುಟ್ಟಿ ಬೆಳೆದವನು ಎಳನೀರು ಮಾರಲು ಸಹ ಅಂಜಿ ಓಡಾಡುವ ಸ್ಥಿತಿಯು ನಾಡಿಗೆ ಗೌರವ ತರುವಂಥದಲ್ಲ.